ಅಜ್ಜನ ಡ್ರಿಲ್ಲಿನ ಮೂಲ ಬಣ್ಣ

ನಮ್ಮ ಕಡೆ ಕಮ್ಮಾರರು ಕೆಲಸ ಮಾಡುವ ಜಾಗಕ್ಕೂ ‘ಸಾಲಿ’ ಎಂದೇ ಹೆಸರು. ಹಾಗಾಗಿ ಯರಗಟ್ಟಿಯಲ್ಲಿ ನಾನು ಎರಡು ಸಾಲಿ ಕಲಿತವನು. ಒಂದು ಈ ಹೈಸ್ಕೂಲು, ಇನ್ನೊಂದು ಅಜ್ಜನ ಕಮ್ಮಾರಸಾಲಿ. ಅಲ್ಲಿ ಕಟ್ಟಿಗೆಯ ಕಂಬಕ್ಕೆ ಬಿಗಿದ, ಕೈಯಿಂದ ತಿರುವುವ ಡ್ರಿಲ್ ಮಷೀನ್ ಇತ್ತು. ಚಕ್ಕಡಿಯ ಕಬ್ಬಿಣದ ಪಟ್ಟಿಗೆ ತೂತು ಹಾಕಲು ಒಬ್ಬರು ಪಟ್ಟಿ ಹಿಡಿಯಬೇಕು, ಒಬ್ಬರು ಹಿಡಿಕೆ ತಿರುವಬೇಕು. ಸೂಟಿಯಲ್ಲಿ ತಿರುವುವ ಕೆಲಸ ನನ್ನದು.

ಸುವರ್ಣ ಮಹೋತ್ಸವಕ್ಕೆ ಹಳೆಯ ಸಾಮಾನುಗಳನ್ನು ಪ್ರದರ್ಶನಕ್ಕಿಡೋಣ ಎಂಬ ಮಾತು ಬಂದಾಗ, ಡ್ರಿಲ್ಲಿಗೆ ಮೊದಲಿನ ಬಣ್ಣವನ್ನೇ ಹಚ್ಚಬೇಕೆನಿಸಿತು. ಮೊದಲಿನದು ಯಾವುದು? ಖಂಡೇನವಮಿಗೊಮ್ಮೆ ತೊಳೆದು, ಮನೆಯಲ್ಲಿ ಉಳಿದ ಬಣ್ಣ ಬಳಿಯುವುದು ನಮ್ಮ ರೂಢಿ. “ತಳದಾಗಿಂದು ಯಾಕ ಬೇಕೋ ತಮ್ಮಾ?” ಎಂದರು ಕಾಕಾ. ನಾನು ತಂತಿ ಬ್ರಷ್ ಹಿಡಿದು ಕೂತೆ. ಅರ್ಧ ಚಕ್ರ ಬರಿಗಬ್ಬಿಣವಾದ ಮೇಲೆ, ಹುಡುಕುತ್ತಿರುವುದನ್ನೇ ಅಳಿಸುತ್ತಿದ್ದೇನೆಂದು ಹೊಳೆಯಿತು. ಆ ಭಾಗದ ಬಣ್ಣ ಇನ್ನು ಸಿಗುವುದಿಲ್ಲ.

ಆಮೇಲೆ ನಾಣ್ಯದಷ್ಟು ಜಾಗವನ್ನು ಮಾತ್ರ ನೀರು ಹಚ್ಚಿ, ನುಣುಪು ಪಾಲಿಶ್ ಪೇಪರಿನಿಂದ ತಿಕ್ಕಿದೆ. ಪದರಗಳು ಉಂಗುರಗಳಂತೆ ಕಂಡವು: ಬೆಳ್ಳಿ ಬಣ್ಣ, ಎಲೆಹಸಿರು, ಕರಿ, ತಳದಲ್ಲಿ ಕೆಂಪು. ಕೆಂಪೇ ಮೂಲವೆಂದು ಹಿಗ್ಗಿದೆ. ಅದು ತುಕ್ಕು ತಡೆಯುವ ಪ್ರೈಮರ್. ಹಿಂದೆ ಸೀಸದ ಸಿಂಧೂರವನ್ನೋ ಕಬ್ಬಿಣದ ಆಕ್ಸೈಡನ್ನೋ ಅಗಸೆ ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದರು. ಸೀಸ ವಿಷ. ಹಳೆಯ ಬಣ್ಣವನ್ನು ನಾನು ಮೊದಲು ಮಾಡಿದಂತೆ ಒಣಗಿದ್ದಾಗಲೇ ಉಜ್ಜಿ ಧೂಳೆಬ್ಬಿಸಬಾರದು, ಮಕ್ಕಳಿರುವಲ್ಲಂತೂ ಬೇಡವೇ ಬೇಡ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ.

ಕೊನೆಗೆ ಮಷೀನನ್ನು ಕಂಬದಿಂದ ಬಿಚ್ಚಿದೆವು. ಅದರ ಬೆನ್ನಿಗೆ, ವಾಷರಿನ ಅಡಿಗೆ ಯಾವ ನವಮಿಯ ಬ್ರಷ್ಷೂ ತಾಗಿರಲಿಲ್ಲ. ಜಿಡ್ಡು ಒರೆಸಿದರೆ ಕೆಂಪಿನ ಮೇಲೆ ಒಂದೇ ಪದರ, ಕಡುಹಸಿರು. ಅದೂ ಪೂರ್ತಿ ನಿಜವಲ್ಲ. ಅಗಸೆ ಎಣ್ಣೆಯ ಬಣ್ಣ ಕತ್ತಲಲ್ಲಿ ಹಳದಿಗಟ್ಟುತ್ತದೆ. ಹಳದಿ ಬೆರೆತ ನೀಲಿ ಹಸಿರಾಗಿ ಕಾಣುತ್ತದೆ. ಬೆಳಕು ಬಿದ್ದರೆ ಹಳದಿ ಇಳಿಯುತ್ತದೆ. ಅಂಗಳದಲ್ಲಿಟ್ಟು ಬೆಂಗಳೂರಿಗೆ ಹೋದೆ. ಕಾಕಾ ಕಳಿಸಿದ ಫೋಟೋಗಳಲ್ಲಿ ದಿನಕ್ಕೊಂದು ಬಣ್ಣ! ಫೋನ್ ಕ್ಯಾಮೆರಾ ತಾನೇ ಬಣ್ಣ ತಿದ್ದುತ್ತದೆ, ಅದನ್ನು ನಂಬುವಂತಿಲ್ಲ. ತಿಂಗಳ ನಂತರ ಬಂದು ಕಣ್ಣಾರೆ ನೋಡಿದೆ: ನೀಲಿ.

ಬಣ್ಣ ಹೀಗೆ ಕಣ್ಣು ಕಟ್ಟಿದಾಗ ನೆನಪಾದವರು ನಮ್ಮ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್. ಚಿತ್ರಕಲೆ ಕಲಿಯಲು ಮುಂಬೈಯ ಜೆ. ಜೆ. ಕಲಾಶಾಲೆಗೆ ಸೇರಿದ ಅವರಿಗೆ ಕೆಲವು ಬಣ್ಣಗಳ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಕುಂಚ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಹೊಲಕ್ಕೆ ವಿಷವೇರುತ್ತದೆಂದು ರೈತರು ಹೆದರಿದ್ದರಿಂದ ನೇಗಿಲು ಬೇಗ ಮಾರಾಟವಾಗಲಿಲ್ಲ. 1910ರಲ್ಲಿ ಕಾರ್ಖಾನೆ ಔಂಧ್ ಸಂಸ್ಥಾನಕ್ಕೆ ಹೋಯಿತು, ಅದೇ ಕಿರ್ಲೋಸ್ಕರವಾಡಿ.

ಆ ಕಾಲದ ಮೇವಿನ ಯಂತ್ರ, ತಿರುವುವ ಡ್ರಿಲ್ಲು, ಕುಲುಮೆಯ ಗಾಳಿ ಪಂಖಾ ನಿಮ್ಮ ಹಿತ್ತಲಲ್ಲಿದ್ದರೆ, ಪ್ರದರ್ಶನಕ್ಕೆ ತರುವ ಮುನ್ನ ದಯವಿಟ್ಟು ಬಣ್ಣ ಹಚ್ಚಬೇಡಿ. ನಮ್ಮ ಡ್ರಿಲ್ಲಿಗೆ ನಾನು ಎಣ್ಣೆ ಮಾತ್ರ ಒರೆಸಿದ್ದೇನೆ. ಕಾಕಾ ಆಗಲೇ ಬೆಳ್ಳಿ ಬಣ್ಣದ ಡಬ್ಬಿ ತಂದಿಟ್ಟಿದ್ದಾರೆ. ಬೆನ್ನಿನ ಅಂಗೈಯಗಲ ಜಾಗ ಬಿಟ್ಟು ಬಳಿಯಿರಿ ಎಂದು ಕೇಳಿಕೊಂಡಿದ್ದೇನೆ.