ಲಾರಿ ಚಾಲನಾ ಅವಧಿಯ ವಿದ್ಯುನ್ಮಾನ ದಾಖಲೆ: ಅಮೆರಿಕದ ಚಾಲಕರ ನಿಲುವಿನ ಇತಿಹಾಸ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ದೂರದೂರಿಗೆ ಸರಕು ಒಯ್ಯುವ ಬಹುತೇಕ ಲಾರಿಗಳಲ್ಲಿ ಚಾಲಕನ ಚಾಲನೆಯ ಹೊತ್ತನ್ನು ಎಂಜಿನ್ನಿಗೆ ಜೋಡಿಸಿದ ಸಾಧನವೇ ಬರೆದಿಡುತ್ತದೆ. ಎಲೆಕ್ಟ್ರಾನಿಕ್ ಲಾಗಿಂಗ್ ಡಿವೈಸ್, ಅಂದರೆ ಇಎಲ್‌ಡಿ, ಎಂಬ ಈ ಸಾಧನ 2017ರ ಡಿಸೆಂಬರ್ 18ರಂದು ಕಡ್ಡಾಯವಾಯಿತು. ಚಾಲಕರಲ್ಲಿ ಇದನ್ನು ಒಪ್ಪಿದವರೂ ಇದ್ದಾರೆ, ಬೀದಿಗಿಳಿದು ವಿರೋಧಿಸಿದವರೂ ಇದ್ದಾರೆ. ಆ ವಿರೋಧವನ್ನು ನಿಯಮ ತಪ್ಪಿಸುವವರ ಗೊಣಗಾಟವೆಂದು ತಳ್ಳಿಹಾಕುವುದು ಅನ್ಯಾಯ. ಕೂಲಿ ಮೈಲಿಯ ಲೆಕ್ಕದಲ್ಲಿ, ಕಾನೂನು ಗಂಟೆಯ ಲೆಕ್ಕದಲ್ಲಿ ನಡೆಯುತ್ತಿದ್ದು, ಇವೆರಡರ ನಡುವೆ ಚಾಲಕ ಸಿಕ್ಕಿಕೊಂಡಿರುವುದೇ ಅದರ ಮೂಲ.

ಕಾಗದದ ದಿನಚರಿ

1935ರ ಮೋಟಾರ್ ಕ್ಯಾರಿಯರ್ ಕಾಯ್ದೆ ಲಾರಿ ಸಾಗಣೆಯನ್ನು ಅಂತರರಾಜ್ಯ ವಾಣಿಜ್ಯ ಆಯೋಗದ ಹಿಡಿತಕ್ಕೆ ತಂದಿತು. ಆ ದಶಕ ಮುಗಿಯುವುದರೊಳಗೆ ಚಾಲಕರ ದುಡಿಮೆಗೆ ಗಂಟೆಗಳ ಮಿತಿ ಬಂತು. ಮಿತಿ ಪಾಲಿಸಿದ್ದನ್ನು ತೋರಿಸಲು ಚಾಲಕ ದಿನವೂ ಒಂದು ಹಾಳೆ ತುಂಬಬೇಕಾಯಿತು. ನಂತರದ ದಶಕಗಳಲ್ಲಿ ರೂಢಿಯಾದ ಹಾಳೆಯಲ್ಲಿ 24 ಗಂಟೆಗಳ ಮನೆಗಳು, ನಾಲ್ಕು ಸಾಲುಗಳು: ಬಿಡುವು, ಕ್ಯಾಬಿನ್ನಿನ ಹಾಸಿಗೆಯಲ್ಲಿ ವಿಶ್ರಾಂತಿ, ಚಾಲನೆ, ಚಾಲನೆಯಲ್ಲದ ಕೆಲಸ. ಪೆನ್ನಿನಿಂದ ಅಡ್ಡಗೆರೆ ಎಳೆಯುತ್ತ, ಕೆಲಸ ಬದಲಾದಲ್ಲಿ ಗೆರೆಯನ್ನು ಮೇಲಕ್ಕೋ ಕೆಳಕ್ಕೋ ತಿರುಗಿಸುತ್ತ ಹೋದರೆ ದಿನದ ಲೆಕ್ಕ ಮುಗಿಯುತ್ತಿತ್ತು.

ಈ ಗೆರೆ ತಿದ್ದುವುದು ಸುಲಭ. ಗೋದಾಮಿನ ಮುಂದೆ ಸರಕಿಗಾಗಿ ಕಾದ ಗಂಟೆಗಳನ್ನು ಬಿಡುವಿನ ಸಾಲಿಗೆ ಸೇರಿಸಿದರೆ ಮುಂದೆ ಅಷ್ಟು ಹೊತ್ತು ಹೆಚ್ಚು ಓಡಿಸಬಹುದಿತ್ತು. ಎರಡೆರಡು ಪುಸ್ತಕ ಇಟ್ಟುಕೊಂಡವರೂ ಇದ್ದರು. ಈ ದಿನಚರಿಗೆ ‘ಕಾಮಿಕ್ ಪುಸ್ತಕ’ ಎಂಬ ಅಡ್ಡಹೆಸರು ಚಾಲಕರ ನಡುವೆಯೇ ಚಾಲ್ತಿಯಲ್ಲಿತ್ತು. ಸುಳ್ಳು ಬರೆಯುವಂತೆ ಒತ್ತಡ ಹೇರುವ ಮಾಲೀಕರೂ ಇದ್ದರು. ನಿದ್ದೆಗೆಟ್ಟು ಓಡಿಸುವ ಅಪಾಯ ಮಾತ್ರ ಚಾಲಕನ ಪಾಲಿಗೂ ರಸ್ತೆಯಲ್ಲಿದ್ದ ಇತರರ ಪಾಲಿಗೂ ಉಳಿಯುತ್ತಿತ್ತು.

ಕಡ್ಡಾಯದತ್ತ

ಕಾಗದದ ಬದಲು ಯಂತ್ರ ಬಳಸಲು 1988ರಲ್ಲೇ ಅನುಮತಿ ಸಿಕ್ಕಿತು. ಆಗ ಅದು ಕಂಪನಿಗಳ ಇಚ್ಛೆಗೆ ಬಿಟ್ಟದ್ದು. 2004ರಲ್ಲಿ ಜಾರಿಗೆ ಬಂದ ನಿಯಮದಂತೆ, ಸತತ 10 ಗಂಟೆ ಬಿಡುವಿನ ಬಳಿಕ ಚಾಲಕ 11 ಗಂಟೆ ಓಡಿಸಬಹುದು. ಆದರೆ ಕೆಲಸ ಶುರುವಾದ 14 ಗಂಟೆಯೊಳಗೆ ಆ ಓಟ ಮುಗಿಯಬೇಕು.

ನಿಯಮವನ್ನು ತೀವ್ರವಾಗಿ ಉಲ್ಲಂಘಿಸಿದ ಕಂಪನಿಗಳು ಯಂತ್ರ ಅಳವಡಿಸಬೇಕೆಂದು ಫೆಡರಲ್ ಮೋಟಾರ್ ಕ್ಯಾರಿಯರ್ ಸುರಕ್ಷತಾ ಆಡಳಿತ 2010ರಲ್ಲಿ ಆದೇಶಿಸಿತು. ಸ್ವಂತ ಲಾರಿ ಓಡಿಸುವವರ ಸಂಘಟನೆಯಾದ ಓನರ್ ಆಪರೇಟರ್ ಇಂಡಿಪೆಂಡೆಂಟ್ ಡ್ರೈವರ್ಸ್ ಅಸೋಸಿಯೇಷನ್ ನ್ಯಾಯಾಲಯದ ಮೆಟ್ಟಿಲೇರಿತು. ಯಂತ್ರದ ನೆಪದಲ್ಲಿ ಚಾಲಕರಿಗೆ ಕಿರುಕುಳವಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಸುರಕ್ಷತಾ ಆಡಳಿತ ನಿರ್ವಹಿಸಿಲ್ಲವೆಂದು 2011ರಲ್ಲಿ ಏಳನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು. ಮರುವರ್ಷ ಅಮೆರಿಕದ ಸಂಸತ್ತೇ ಕಾನೂನಿನ ಮೂಲಕ ಇಎಲ್‌ಡಿಯನ್ನು ಕಡ್ಡಾಯಗೊಳಿಸಲು ಸೂಚಿಸಿತು. ಅಂತಿಮ ನಿಯಮ 2015ರ ಡಿಸೆಂಬರ್‌ನಲ್ಲಿ ಹೊರಬಿತ್ತು. ಇದು ಕಾರಣವಿಲ್ಲದ ಶೋಧನೆಯಿಂದ ಸಂವಿಧಾನ ನೀಡಿದ ರಕ್ಷಣೆಗೆ ವಿರುದ್ಧವೆಂದು ಸಂಘಟನೆ ಮತ್ತೆ ವಾದಿಸಿತು. 2016ರಲ್ಲಿ ಅದೇ ನ್ಯಾಯಾಲಯ ವಾದವನ್ನು ತಿರಸ್ಕರಿಸಿತು. 2017ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ.

ಸಾಧನದ ಕೆಲಸ

ಲಾರಿ ಗಂಟೆಗೆ 5 ಮೈಲಿ ವೇಗ ದಾಟುವ ಹೊತ್ತಿಗೆ ಇಎಲ್‌ಡಿ ತಾನಾಗಿ ಚಾಲನೆಯ ಲೆಕ್ಕ ಶುರುಮಾಡಿರುತ್ತದೆ. ಎಂಜಿನ್ ಶುರುವಾದಾಗ, ನಿಂತಾಗ, ಕೆಲಸದ ಬಗೆ ಬದಲಾದಾಗ, ಓಟದಲ್ಲಿದ್ದರೆ ಗಂಟೆಗೊಮ್ಮೆ ಲಾರಿ ಇರುವ ಜಾಗವನ್ನು ಗುರುತಿಸುತ್ತದೆ. ತಾನಾಗಿ ದಾಖಲಾದ ಚಾಲನೆಯ ಅವಧಿಯನ್ನು ಕಡಿಮೆ ಮಾಡುವಂತಿಲ್ಲ. ಬೇರೆ ತಿದ್ದುಪಡಿಗೆ ಕಾರಣ ಬರೆಯಬೇಕು. 2000ಕ್ಕಿಂತ ಹಳೆಯ ಎಂಜಿನ್ನಿನ ಲಾರಿಗಳಿಗೆ ವಿನಾಯಿತಿ ಇದ್ದುದರಿಂದ ಕೆಲವರು ಹಳೆಯ ಗಾಡಿಯನ್ನೇ ಉಳಿಸಿಕೊಂಡರು. ಜಾನುವಾರು ಸಾಗಿಸುವವರಿಗೂ ಸಂಸತ್ತು ವಿನಾಯಿತಿ ನೀಡಿತು.

ಚಾಲಕರ ನಿಲುವು

ದೊಡ್ಡ ಕಂಪನಿಗಳನ್ನು ಪ್ರತಿನಿಧಿಸುವ ಅಮೆರಿಕನ್ ಟ್ರಕಿಂಗ್ ಅಸೋಸಿಯೇಷನ್ಸ್ ನಿಯಮವನ್ನು ಬೆಂಬಲಿಸಿತು. ಬರೆಯುವ ಕೆಲಸ ತಪ್ಪಿತೆಂದೂ, ‘ನನ್ನ ಗಂಟೆ ಮುಗಿದಿದೆ’ ಎಂದು ಮಾಲೀಕನಿಗೆ ಯಂತ್ರ ತೋರಿಸಿ ಹೇಳಲು ಧೈರ್ಯ ಬಂತೆಂದೂ ಅನೇಕ ಚಾಲಕರು ಮೆಚ್ಚಿದರು.

ಸ್ವಂತ ಲಾರಿಯವರ ಆಕ್ಷೇಪ ಹೆಚ್ಚು ಗಟ್ಟಿಯಾಗಿತ್ತು. ಲಾರಿ ಅವರ ಕೆಲಸದ ಜಾಗವಷ್ಟೇ ಅಲ್ಲ, ವಾರಗಟ್ಟಲೆ ಉಂಡು ಮಲಗುವ ಮನೆಯೂ ಹೌದು. ಅಲ್ಲಿ ಸದಾ ಕಾವಲಿಡುವುದನ್ನು ಅವರು ಒಪ್ಪಲಿಲ್ಲ. ಅದಕ್ಕಿಂತ ದೊಡ್ಡ ದೂರು 14 ಗಂಟೆಯ ಗಡಿಯಾರದ್ದು. ಬೆಳಿಗ್ಗೆ 6ಕ್ಕೆ ಕೆಲಸ ಶುರುಮಾಡಿದ ಚಾಲಕನನ್ನು ಗೋದಾಮಿನವರು 5 ಗಂಟೆ ಕಾಯಿಸಿದರೂ ರಾತ್ರಿ 8ಕ್ಕೆ ಅವನ ಗಡುವು ಮುಗಿಯುತ್ತದೆ. ಮೈಲಿಗಿಷ್ಟು ಎಂದು ಕೂಲಿ ಪಡೆಯುವವನಿಗೆ ಕಾದ ಹೊತ್ತಿಗೆ ಎಷ್ಟೋ ಸಲ ಬಿಡಿಗಾಸೂ ಇಲ್ಲ. ಗಡುವು ಮುಗಿಯುವ ವೇಳೆಗೆ ಲಾರಿ ನಿಲ್ಲಿಸಲು ಜಾಗ ಸಿಗದಿದ್ದರೆ ಹೆದ್ದಾರಿಯ ಅಂಚೇ ಗತಿ. ನಿದ್ದೆ ಬಂದಾಗ ಮಲಗಿ, ದಣಿವಾರಿದಾಗ ಓಡಿಸುವ ಅನುಭವಿಯ ವಿವೇಕಕ್ಕೆ ಬೆಲೆಯಿಲ್ಲವಾಯಿತು ಎಂಬುದೂ ಅವರ ನೋವು.

ಪರಿಣಾಮ ಮತ್ತು ತಿದ್ದುಪಡಿ

ಇಎಲ್‌ಡಿಯಿಂದ ವರ್ಷಕ್ಕೆ 26 ಜೀವ ಉಳಿಯುತ್ತವೆಂದು ಸುರಕ್ಷತಾ ಆಡಳಿತ ಅಂದಾಜಿಸಿತ್ತು. ಅಲೆಕ್ಸ್ ಸ್ಕಾಟ್, ಆಂಡ್ರ್ಯೂ ಬಾಲ್ತ್ರಾಪ್ ಮತ್ತು ಜೇಸನ್ ಮಿಲ್ಲರ್ ನಡೆಸಿದ ಅಧ್ಯಯನ ಬೇರೆಯೇ ಚಿತ್ರ ಕೊಟ್ಟಿತು. ಗಂಟೆಗಳ ನಿಯಮದ ಉಲ್ಲಂಘನೆ ಇಳಿದಿತ್ತು, ಅಪಘಾತ ಇಳಿದದ್ದು ಕಾಣಲಿಲ್ಲ. ಸಣ್ಣ ಕಂಪನಿಗಳ ಚಾಲಕರಲ್ಲಿ ಅತಿವೇಗದಂಥ ತಪ್ಪುಗಳು ಹೆಚ್ಚಿದ್ದವು. ಗೋದಾಮಿನಲ್ಲಿ ತಂಗುವ ಸರಾಸರಿ ಅವಧಿ 15 ನಿಮಿಷ ಹೆಚ್ಚಿದರೆ ಅಪಘಾತದ ನಿರೀಕ್ಷಿತ ಪ್ರಮಾಣ ಶೇ 6.2ರಷ್ಟು ಏರುತ್ತದೆಂದು ಸಾರಿಗೆ ಇಲಾಖೆಯದೇ ಮಹಾ ತನಿಖಾಧಿಕಾರಿಯ 2018ರ ವರದಿ ಹೇಳಿತು. ಚಾಲಕರು ಬಹುಕಾಲದಿಂದ ಹೇಳುತ್ತಿದ್ದ ಮಾತಿಗೆ ಇದು ಬಲ ಕೊಟ್ಟಿತು. 2020ರ ಸೆಪ್ಟೆಂಬರ್‌ನಲ್ಲಿ ನಿಯಮ ತುಸು ಸಡಿಲಗೊಂಡು, ಬಿಡುವನ್ನು 7 ಮತ್ತು 3 ಗಂಟೆಗಳಾಗಿ ಒಡೆದುಕೊಳ್ಳಲು ಅವಕಾಶವಾಯಿತು.

ಇತರ ದೇಶಗಳಲ್ಲಿ

ಯುರೋಪಿನಲ್ಲಿ ಚಾಲನೆಯ ಹೊತ್ತನ್ನು ದಾಖಲಿಸುವ ಟ್ಯಾಕೋಗ್ರಾಫ್ ಎಂಬ ಸಾಧನ 1970ರ ದಶಕದಿಂದ ಇದೆ. ‘ಕ್ಯಾಬಿನ್ನಿನ ಗೂಢಚಾರ’ ಎಂದು ಬ್ರಿಟನ್ನಿನ ಕಾರ್ಮಿಕರು ಅದನ್ನು ವಿರೋಧಿಸಿದ್ದರು. ಹೊಸ ಲಾರಿಗಳಿಗೆ 2006ರಿಂದ ಡಿಜಿಟಲ್ ರೂಪ ಬಂತು. ಭಾರತದಲ್ಲಿ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಲಾರಿ ಚಾಲಕರಿಗೆ ಚಾಲನೆಯ ಗಂಟೆ ನಿಗದಿಮಾಡಬೇಕೆಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2021ರಲ್ಲಿ ಹೇಳಿದ್ದರು. ಯಾವ ದೇಶವೇ ಆಗಲಿ, ಚಾಲಕನ ಓಟವನ್ನು ಅಳೆಯುವಷ್ಟೇ ಕಟ್ಟುನಿಟ್ಟಾಗಿ ಅವನನ್ನು ಕಾಯಿಸುವವರ ಹೊಣೆಯನ್ನೂ ಅಳೆದು, ಕಾದ ಹೊತ್ತಿಗೆ ಕೂಲಿ ಕೊಡಿಸಬೇಕೆಂಬುದು ಅಮೆರಿಕದ ಅನುಭವದ ಪಾಠ.