ಹಳಿಯನ್ನು ಕಚ್ಚಿ ಹಿಡಿದ ಎಂಜಿನ್ನು

ಗೂಡ್ಸ್ ಗಾಡಿ ಏರಿನಲ್ಲಿ ನಿಂತುಬಿಟ್ಟಿತೆಂದರೆ ಎಂಜಿನ್ನಿಗೆ ಶಕ್ತಿ ಸಾಲಲಿಲ್ಲವೆಂದೇ ನಾವು ತಿಳಿಯುತ್ತೇವೆ. ಅನೇಕ ವೇಳೆ ಹಾಗಲ್ಲ. ಶಕ್ತಿಯೇನೋ ಇರುತ್ತದೆ, ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಜಾರುತ್ತದೆ. ಕೆಸರಿನಲ್ಲಿ ಸಿಕ್ಕ ಎತ್ತಿಗೆ ಕಾಲೂರಲು ನೆಲ ದೊರೆಯದಿದ್ದರೆ ಅದರ ಬಲದಿಂದೇನು? ಹುಬ್ಬಳ್ಳಿಯ ಕಡೆಯವರು ಬಲ್ಲ ಡಬ್ಲ್ಯು.ಡಿ.ಜಿ.-4 ಎಂಬ ಎಂಜಿನ್ನಿನ ಚರಿತ್ರೆ ಬಹುಮಟ್ಟಿಗೆ ಈ ಜಾರಿಕೆಯನ್ನು ಹತೋಟಿಗೆ ತಂದ ಚರಿತ್ರೆ.

ಡೀಸೆಲ್ ಗಾಡಿ ಎನ್ನುತ್ತೇವಾದರೂ ಗಾಲಿಯನ್ನು ನೇರವಾಗಿ ತಿರುಗಿಸುವುದು ಡೀಸೆಲ್ ಯಂತ್ರವಲ್ಲ. ಅದು ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ವಿದ್ಯುತ್ತು ಗಾಲಿಗಳ ಬಳಿಯ ಮೋಟಾರುಗಳನ್ನು ನಡೆಸುತ್ತದೆ. 1962ರಲ್ಲಿ ಅಮೆರಿಕದಿಂದ ಬಂದು, 1964ರಿಂದ ವಾರಾಣಸಿಯಲ್ಲಿ ತಯಾರಾದ 2600 ಅಶ್ವಶಕ್ತಿಯ ಡಬ್ಲ್ಯು.ಡಿ.ಎಂ.-2ರಲ್ಲಿ ಇವು ಡಿ.ಸಿ. ಮೋಟಾರುಗಳು. ತಿರುಗುವ ತಾಮ್ರದ ಪಟ್ಟಿಗಳಿಗೆ ಕಾರ್ಬನ್ ಬ್ರಷ್ಷುಗಳು ಒರಸುತ್ತ ವಿದ್ಯುತ್ತನ್ನು ಮುಟ್ಟಿಸಬೇಕು. ಬ್ರಷ್ಷು ಸವೆಯುತ್ತದೆ, ಕಿಡಿ ಹಾರುತ್ತದೆ. ಭಾರಿ ಹೊರೆಯೊಡನೆ ನಿಧಾನವಾಗಿ ಏರುತ್ತಿದ್ದರೆ ಮೋಟಾರು ಸುಟ್ಟುಹೋಗುವ ಭಯ ಬೇರೆ.

ಮೂರು ಫೇಸಿನ ಎ.ಸಿ. ಮೋಟಾರಿನಲ್ಲಿ ಬ್ರಷ್ಷಿನ ಗೊಡವೆಯಿಲ್ಲ. ನಮ್ಮ ಹಿಟ್ಟಿನ ಗಿರಣಿಗಳಲ್ಲಿ ಅದು ಎಷ್ಟೋ ಕಾಲದಿಂದ ತಿರುಗುತ್ತಲೇ ಇದೆ! ರೈಲಿಗೇಕೆ ಬೇಗ ಬರಲಿಲ್ಲ? ಅದರ ವೇಗ ವಿದ್ಯುತ್ತಿನ ಆವರ್ತನಕ್ಕೆ ಕಟ್ಟುಬಿದ್ದಿರುವುದರಿಂದ, ಗಾಡಿಯ ವೇಗ ಬದಲಾದಂತೆಲ್ಲ ಆವರ್ತನವನ್ನೂ ಬದಲಿಸಬೇಕು. ಆ ಕೆಲಸಕ್ಕೆ ದೊಡ್ಡ ವಿದ್ಯುತ್ತನ್ನು ತಾಳುವ ಥೈರಿಸ್ಟರುಗಳು ಬರಬೇಕಾಯಿತು. 1971ರಲ್ಲಿ ಜರ್ಮನಿಯ ಹೆನ್‌ಷೆಲ್ ಮತ್ತು ಬ್ರೌನ್ ಬೊವೆರಿ ಸಂಸ್ಥೆಗಳು ಇಂಥ ಡೀಸೆಲ್ ಎಂಜಿನ್ನನ್ನು ಓಡಿಸಿ ತೋರಿಸಿದವು. ಅಮೆರಿಕದಲ್ಲಿ ಜನರಲ್ ಮೋಟರ್ಸ್ ಸಂಸ್ಥೆ ಜರ್ಮನಿಯ ಸೀಮೆನ್ಸ್ ನೆರವಿನಿಂದ ಮಾಡಿದ ಎಂಜಿನ್ನುಗಳು 1993ರಿಂದ ಕಲ್ಲಿದ್ದಲ ಗಾಡಿಗಳಿಗೆ ಬಂದವು. ಹಳೆಯ ಐದರ ಕೆಲಸವನ್ನು ಹೊಸ ಮೂರು ಮಾಡಿದವು.

ಅದೇ ವಂಶದ 4000 ಅಶ್ವಶಕ್ತಿಯ ಎಂಜಿನ್ನು 1999ರಲ್ಲಿ ನಮ್ಮಲ್ಲಿಗೆ ಬಂದು ಡಬ್ಲ್ಯು.ಡಿ.ಜಿ.-4 ಆಯಿತು. 2002ರಿಂದ ವಾರಾಣಸಿಯಲ್ಲೇ ತಯಾರಿಕೆ ನಡೆಯಿತು. ಎಂಜಿನ್ನುಗಳೊಡನೆ ಅವನ್ನು ಮಾಡುವ ವಿದ್ಯೆಯನ್ನೂ ಒಪ್ಪಂದದಲ್ಲಿ ಕೇಳಿ ಪಡೆದದ್ದು ಜಾಣತನವೆಂದು ನನ್ನ ಎಣಿಕೆ. ಮೊದಲ ಎಂಜಿನ್ನುಗಳ ಮನೆಯಾದದ್ದು ಹುಬ್ಬಳ್ಳಿಯ ಡೀಸೆಲ್ ಷೆಡ್ಡು.

ಹುಬ್ಬಳ್ಳಿಯಿಂದ ಗೋವೆಯ ಕಡೆ ಹೋದವರಿಗೆ ಕ್ಯಾಸಲ್‌ರಾಕ್ ಕೆಳಗಿನ ಘಟ್ಟ ಗೊತ್ತು. ಅಲ್ಲಿ 37 ಅಡಿ ಸಾಗುವಷ್ಟರಲ್ಲಿ ಹಳಿ 1 ಅಡಿ ಏರುತ್ತದೆ. ಮಳೆಗಾಲದಲ್ಲಿ ದಿನವಿಡೀ ಒದ್ದೆ. ಇಂಥಲ್ಲಿ ಗಾಲಿ ಜಾರಿದೊಡನೆ ಹಳೆಯ ಮೋಟಾರು ಹುಚ್ಚೆದ್ದು ತಿರುಗುವುದುಂಟು. ಎ.ಸಿ. ಮೋಟಾರಿನ ಗುಣವೇ ಬೇರೆ: ಆವರ್ತನ ಗೊತ್ತುಮಾಡಿದ ವೇಗವನ್ನು ಸಮೀಪಿಸಿದಂತೆ ಅದರ ಎಳೆತ ತಾನಾಗಿ ಕುಗ್ಗುತ್ತದೆ. ಗಾಡಿಯ ನಿಜವಾದ ವೇಗವನ್ನು ನೆಲದ ಕಡೆ ತಿರುಗಿಸಿದ ರಾಡಾರು ಅಳೆಯುತ್ತದೆ. ಗಾಲಿಯ ವೇಗವನ್ನು ಅದಕ್ಕೆ ಹೋಲಿಸಿ ಕಂಪ್ಯೂಟರು ವಿದ್ಯುತ್ತನ್ನು ತಿದ್ದುತ್ತದೆ. ಸೋಜಿಗವೆಂದರೆ, ಅದು ಜಾರಿಕೆಯನ್ನು ಪೂರ್ತಿ ನಿಲ್ಲಿಸುವುದಿಲ್ಲ. ತುಸುವೇ ಜಾರಲು ಬಿಟ್ಟರೆ ಹಿಡಿತ ಹೆಚ್ಚುತ್ತದೆಂದು ಕಂಡುಕೊಂಡಿದ್ದಾರೆ.

ಇಷ್ಟಾದರೂ ಘಟ್ಟದಲ್ಲಿ ಭಾರಿ ಗಾಡಿಗಳನ್ನು ಹಿಂದಿನಿಂದ ತಳ್ಳಲು ಬೇರೆ ಎಂಜಿನ್ನುಗಳು ಬೇಕಾಗಿಯೇ ಇದ್ದವು. ಉಗಿಬಂಡಿಯ ಕಾಲದಂತೆ, ಹಳಿಯ ಮೇಲೆ ಮರಳು ಸುರಿಯುವ ಪೆಟ್ಟಿಗೆಗಳೂ ಈ ಎಂಜಿನ್ನಿನಲ್ಲಿವೆ.