ಎಲಿಫೆಂಟ್ ಬಾಯ್ (ಚಲನಚಿತ್ರ)

ಎಲಿಫೆಂಟ್ ಬಾಯ್: ಮೈಸೂರು ಸಂಸ್ಥಾನದ ಕಾಡುಗಳಲ್ಲಿ ಭಾಗಶಃ ಚಿತ್ರೀಕರಣಗೊಂಡು 1937ರಲ್ಲಿ ತೆರೆಕಂಡ ಬ್ರಿಟಿಷ್ ಕಪ್ಪುಬಿಳುಪು ಚಿತ್ರ. ರುಡ್ಯಾರ್ಡ್ ಕಿಪ್ಲಿಂಗ್‌ನ ‘ಜಂಗಲ್ ಬುಕ್’ (1894) ಸಂಕಲನದಲ್ಲಿರುವ ತೂಮಾಯಿಯ ಕಥೆ ಇದಕ್ಕೆ ಆಧಾರ. ಲಂಡನ್ ಫಿಲ್ಮ್ಸ್ ಸಂಸ್ಥೆಯ ಅಲೆಕ್ಸಾಂಡರ್ ಕೊರ್ಡಾ ನಿರ್ಮಾಪಕ. ರಾಬರ್ಟ್ ಫ್ಲಾಹರ್ಟಿ ಮತ್ತು ಜೋಲ್ಟನ್ ಕೊರ್ಡಾ ನಿರ್ದೇಶಕರು. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದ ಹುಡುಗ ಸಾಬು ಈ ಚಿತ್ರದಿಂದ ಲೋಕಪ್ರಸಿದ್ಧನಾದ.

ಕಥೆ

ತೂಮಾಯಿ ಮಾವುತನ ಮಗ. ಕಾಲಾನಾಗ್ ಎಂಬ ಆನೆಯೇ ಅವನ ಒಡನಾಡಿ. ಬೇಟೆಗಾರನಾಗಬೇಕೆಂಬ ಅವನ ಆಸೆಗೆ ಹಿರಿಯರು ನಗುತ್ತಾರೆ. ಆನೆಗಳ ಕುಣಿತ ಕಂಡ ದಿನ ಆಗುವೆಯಂತೆ ಎನ್ನುತ್ತಾರೆ. ತಂದೆ ಹುಲಿಯ ಬಾಯಿಗೆ ಬಿದ್ದ ಮೇಲೆ ಕಾಲಾನಾಗ್ ದುಃಖದಿಂದ ಕೆರಳುತ್ತದೆ. ಅದನ್ನು ಕ್ರೂರಿಯೊಬ್ಬನ ಕೈಗೆ ಒಪ್ಪಿಸಿದಾಗ ಹುಡುಗ ಆನೆಯೊಡನೆ ಕಾಡು ಸೇರಿ, ಯಾರೂ ಕಾಣದ ಆ ಕುಣಿತವನ್ನು ಕಾಣುತ್ತಾನೆ.

ಮೈಸೂರಿನಲ್ಲಿ ಚಿತ್ರೀಕರಣ

‘ನಾನೂಕ್ ಆಫ್ ದಿ ನಾರ್ತ್’ (1922) ಮತ್ತು ‘ಮೊಆನಾ’ (1926) ಎಂಬ ಮೂಕಿ ಚಿತ್ರಗಳಿಂದ ಹೆಸರಾಗಿದ್ದ ಫ್ಲಾಹರ್ಟಿ 1935ರಲ್ಲಿ ಮೈಸೂರಿಗೆ ಬಂದ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದು ಆಗ ಒಂದು ವರ್ಷವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ತಂಡಕ್ಕೆ ಚಿತ್ತರಂಜನ ಮಹಲನ್ನು ಬಿಟ್ಟುಕೊಟ್ಟು, ಆನೆಗಳನ್ನೂ ಒದಗಿಸಿತು. ಕಾಲಾನಾಗ್ ಪಾತ್ರಕ್ಕೆ ಅರಮನೆಯ ಐರಾವತ ಆಯ್ಕೆಯಾಯಿತು.

1924ರಲ್ಲಿ ಹುಟ್ಟಿದ ಸಾಬುವಿನ ತಂದೆ ಮಹಾರಾಜರ ಸೇವೆಯಲ್ಲಿದ್ದ ಮಾವುತ. ತಂದೆ ತೀರಿಕೊಂಡ ಬಳಿಕ ಹುಡುಗ ಅರಮನೆಯ ಆನೆ ಲಾಯದ ಆಶ್ರಯದಲ್ಲಿದ್ದ. ಅವನನ್ನು ಅಲ್ಲಿ ಗುರುತಿಸಿದವನು ಛಾಯಾಗ್ರಾಹಕ ಓಸ್ಮಂಡ್ ಬೊರಾಡೇಲ್.

ಕಾಡಾನೆ ಹಿಡಿಯುವ ಖೆಡ್ಡಾ ಚಿತ್ರದ ಪ್ರಮುಖ ಭಾಗ. ಕಬಿನಿ ದಂಡೆಯ ಕಾಕನಕೋಟೆ ಈ ಕಾರ್ಯಾಚರಣೆಗೆ ಹೆಸರಾಗಿತ್ತು. ಅಲ್ಲಿ ಜೇನುಕುರುಬರು, ಬೆಟ್ಟಕುರುಬರು ಆನೆಗಳ ಜಾಡು ಹಿಡಿಯುತ್ತಿದ್ದರು. ತಮಟೆಯ ಸದ್ದು, ಬೆಂಕಿಗಳಿಂದ ಹಿಂಡನ್ನು ಹೊಳೆಗಿಳಿಸಿ, ಮರದ ದಿಮ್ಮಿಗಳ ಆವರಣದೊಳಕ್ಕೆ ಅಟ್ಟಲಾಗುತ್ತಿತ್ತು. ಆಮೇಲೆ ಪಳಗಿದ ಆನೆಗಳ ಮೇಲೇರಿದ ಮಾವುತರು ಸೆರೆಯಾನೆಗಳಿಗೆ ಹಗ್ಗ ಬಿಗಿಯುತ್ತಿದ್ದರು.

ಡೆನ್‌ಹಾಮ್‌ನಲ್ಲಿ ಮರುರೂಪ

ಕಥೆಯನ್ನು ಮೊದಲೇ ಬಿಗಿಯಾಗಿ ಬರೆದುಕೊಳ್ಳದೆ, ಕಣ್ಣೆದುರಿನ ಬದುಕಿನಿಂದಲೇ ಚಿತ್ರ ಮೂಡಲಿ ಎನ್ನುವುದು ಫ್ಲಾಹರ್ಟಿಯ ಕ್ರಮ. ಒಂದು ವರ್ಷಕ್ಕೂ ಮೀರಿದ ಕೆಲಸದಲ್ಲಿ ಸುಮಾರು 3 ಲಕ್ಷ ಅಡಿ ಫಿಲ್ಮ್ ಖರ್ಚಾಯಿತು. ನೋಟಗಳು ಬೆರಗು ಹುಟ್ಟಿಸಿದರೂ ಅವನ್ನು ಪೋಣಿಸುವ ಕಥೆ ಸಾಲದೆಂದು ನಿರ್ಮಾಪಕನಿಗೆ ಅನಿಸಿತು. 1936ರಲ್ಲಿ ತಂಡ ಇಂಗ್ಲೆಂಡಿಗೆ ಮರಳಿತು. ಸಾಬು ಮತ್ತು ಅವನ ಅಣ್ಣ ಜೊತೆಗೆ ಹೋದರು. ಜಾನ್ ಕಾಲಿಯರ್ ಬರೆದ ಚಿತ್ರಕಥೆಯಂತೆ ಜೋಲ್ಟನ್ ಕೊರ್ಡಾ ಲಂಡನ್ ಬಳಿಯ ಡೆನ್‌ಹಾಮ್ ಸ್ಟುಡಿಯೊದಲ್ಲಿ ಸಂಭಾಷಣೆಯ ದೃಶ್ಯಗಳನ್ನು ತೆಗೆದ. ಅಲ್ಲಿ ಭಾರತೀಯರ ಮುಖ್ಯ ಪಾತ್ರಗಳನ್ನು ಬಣ್ಣ ಹಚ್ಚಿದ ಬ್ರಿಟಿಷ್ ನಟರೇ ಮಾಡಿದರು. ಆನೆಗಳ ಕುಣಿತಕ್ಕೆ ಕೃತಕ ಪಾದಗಳೂ ಬಳಕೆಯಾದವು. ಹೀಗಾಗಿ ಮಾತಿಲ್ಲದ ಹೊರಾಂಗಣ ನೋಟಗಳಿಗೂ ಸ್ಟುಡಿಯೊ ಸಂಭಾಷಣೆಗೂ ನಡುವಿನ ಬೆಸುಗೆ ಎದ್ದು ಕಾಣುತ್ತದೆ. ಎರಡನ್ನೂ ಕೂಡಿಸುವುದು ಸಾಬುವಿನ ಸಹಜ ಅಭಿನಯ.

ಪುರಸ್ಕಾರ ಮತ್ತು ಪರಿಣಾಮ

1937ರ ವೆನಿಸ್ ಚಿತ್ರೋತ್ಸವದಲ್ಲಿ ಇಬ್ಬರು ನಿರ್ದೇಶಕರಿಗೂ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ಬಂತು. ಫ್ಲಾಹರ್ಟಿಯ ಪತ್ನಿ ಫ್ರಾನ್ಸೆಸ್ ಮೈಸೂರಿನ ದಿನಗಳನ್ನು ‘ಎಲಿಫೆಂಟ್ ಡಾನ್ಸ್’ ಪುಸ್ತಕದಲ್ಲಿ ದಾಖಲಿಸಿದಳು. ಸಾಬು ‘ದಿ ಡ್ರಮ್’ (1938), ‘ದಿ ಥೀಫ್ ಆಫ್ ಬಾಗ್ದಾದ್’ (1940), ‘ಜಂಗಲ್ ಬುಕ್’ (1942) ಚಿತ್ರಗಳಲ್ಲಿ ನಟಿಸಿ, ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯಲ್ಲಿ ಸೇವೆ ಸಲ್ಲಿಸಿ, 1963ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಿಧನನಾದ.

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಬಳಿಕ ಕಬಿನಿ ಜಲಾಶಯದ ನೀರು ಆ ನೆಲವನ್ನು ಆವರಿಸಿತು. ಹಿನ್ನೀರಿನ ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರದ ಎನ್. ಬೇಗೂರು ವಲಯದ ಕಾಡುಗಳಿವೆ. ಕಥೆಯ ಹೆಣಿಗೆಯಲ್ಲಿ ಕೊರತೆಗಳಿದ್ದರೂ, ಸಂಸ್ಥಾನ ಕಾಲದ ಮಾವುತರ ಕೆಲಸವನ್ನೂ ಆನೆಗಳನ್ನೂ ಚಲನೆಯಲ್ಲಿ ಹಿಡಿದಿಟ್ಟ ದಾಖಲೆಯಾಗಿ ಈ ಚಿತ್ರಕ್ಕೆ ಮಹತ್ವವಿದೆ.